ಹಳದಿಯಾಗುವ ವೇಗ

ಲಿವರ್ ಫಂಕ್ಷನ್ ಟೆಸ್ಟಿನ ಕಾಗದದಲ್ಲಿ ಬಿಲಿರುಬಿನ್, ಎಸ್‌ಜಿಒಟಿ, ಎಸ್‌ಜಿಪಿಟಿಗಳ ಕೆಳಗೆ ಆಲ್ಕಲೈನ್ ಫಾಸ್ಫಟೇಸ್ (ಎಎಲ್‌ಪಿ) ಎಂಬ ಸಾಲೊಂದು ಇರುತ್ತದೆ. ಮೇಲಿನ ಮೂವರಿಗೆ ಸಲ್ಲುವ ಮರ್ಯಾದೆ ಇದಕ್ಕೆ ಸಲ್ಲುವುದಿಲ್ಲ. ಕಾಮಾಲೆ ಆದವರ ಮನೆಗೆ ಫೋನು ಮಾಡಿ ಬಿಲಿರುಬಿನ್ ಎಷ್ಟಕ್ಕೆ ಇಳಿಯಿತು ಎಂದು ಕೇಳುವ ನೆಂಟರಿದ್ದಾರೆ. ಎಎಲ್‌ಪಿ ಎಷ್ಟಾಯಿತು ಎಂದು ವಿಚಾರಿಸಿದ ನೆಂಟರನ್ನು ನಾನಂತೂ ಕಂಡಿಲ್ಲ. ಆದರೂ ರಕ್ತಪರೀಕ್ಷೆಗಳ ರಾಶಿಯಲ್ಲಿ ರಸವಿರುವುದೊಂದನ್ನು ಹೆಕ್ಕು ಎಂದರೆ ನನ್ನ ಕೈ ನೇರವಾಗಿ ಈ ಸಾಲಿಗೇ ಹೋಗುತ್ತದೆ.

ಮೊದಲ ಸೊಗಸು ಆ ಸಂಖ್ಯೆಯ ಪಕ್ಕದಲ್ಲೇ ಇದೆ. ಸಕ್ಕರೆಯನ್ನು ಮಿಲಿಗ್ರಾಂನಲ್ಲಿ ಬರೆಯುತ್ತಾರೆ, ಹಿಮೋಗ್ಲೋಬಿನ್ನನ್ನು ಗ್ರಾಂನಲ್ಲಿ. ಎರಡೂ ತೂಕದ ಮಾತು: ರಕ್ತದಲ್ಲಿ ಪದಾರ್ಥ ಇಷ್ಟಿದೆ. ಎಎಲ್‌ಪಿ ಒಂದು ಕಿಣ್ವ; ಅದರ ಮುಂದೆ ಇರುವುದು ಯೂನಿಟ್. ಒಂದು ನಿಮಿಷದಲ್ಲಿ ಒಂದು ಮೈಕ್ರೊಮೋಲ್ ಸಂಯುಕ್ತವನ್ನು ಒಡೆಯುವಷ್ಟು ಕಿಣ್ವವಿದ್ದರೆ ಅದು ಒಂದು ಯೂನಿಟ್. ಅಂದರೆ ಲ್ಯಾಬಿನವರು ಈ ಕಿಣ್ವವನ್ನು ಹಿಡಿದು ತೂಗಿಲ್ಲ, ಎಣಿಸಿಲ್ಲ. ಅದರ ಕೈಗೊಂದು ಕೆಲಸ ಕೊಟ್ಟು ಗಡಿಯಾರ ನೋಡಿದ್ದಾರೆ. ನೇಕಾರನ ತೋಳಿನ ತೂಕ ಯಾರಿಗೂ ಬೇಡ, ಸಂಜೆಯೊಳಗೆ ಎಷ್ಟು ಮೊಳ ನೇಯ್ದ ಎಂಬುದು ಬೇಕು, ಹಾಗೆ. ಎಸ್‌ಜಿಒಟಿ, ಎಸ್‌ಜಿಪಿಟಿಗಳ ಅಳತೆಯೂ ಇದೇ ಜಾತಿಯದು, ನಿಜ. ಆದರೆ ಕಿಣ್ವದ ದುಡಿಮೆ ಕಣ್ಣಿಗೇ ಬಣ್ಣವಾಗಿ ಕಾಣುವುದು ಎಎಲ್‌ಪಿಯಲ್ಲಿ.

ಆ ಬಣ್ಣ ಹುಟ್ಟುವ ರೀತಿ ನೋಡಿ. ಪ್ಯಾರಾ ನೈಟ್ರೊಫೀನೈಲ್ ಫಾಸ್ಫೇಟ್ ಎಂಬ ಸಂಯುಕ್ತ ನೀರಿನಲ್ಲಿ ಕರಗಿದಾಗ ಬಣ್ಣವಿಲ್ಲದೆ ತಿಳಿಯಾಗಿರುತ್ತದೆ. ಅದಕ್ಕೆ ಅಂಟಿಕೊಂಡಿರುವ ಫಾಸ್ಫೇಟನ್ನು ಕಿತ್ತುಹಾಕಿದರೆ ಉಳಿಯುವ ನೈಟ್ರೊಫೀನಾಲ್ ಕ್ಷಾರದ ದ್ರಾವಣದಲ್ಲಿ ಅಚ್ಚ ಹಳದಿ. ಫಾಸ್ಫೇಟ್ ಕೀಳುವುದೇ ನಮ್ಮ ಕಿಣ್ವದ ಕಸುಬು. ಪ್ರಯೋಗಶಾಲೆಯಲ್ಲಿ ಅದು ಚುರುಕಾಗಿ ದುಡಿಯುವುದೂ ಕ್ಷಾರದಲ್ಲೇ, ಪಿಎಚ್ 10ರ ಆಸುಪಾಸಿನಲ್ಲಿ. ದುಡಿಯುವವನಿಗೂ ದುಡಿಮೆಯ ಫಲಕ್ಕೂ ಒಂದೇ ಹವೆ ಒಗ್ಗಿಬಂದಿರುವುದು ಈ ಪರೀಕ್ಷೆಯ ದೊಡ್ಡ ಅದೃಷ್ಟ. ನಡುವೆ ನಿಲ್ಲಿಸಿ ಬಣ್ಣ ಬರಿಸುವ ಇನ್ನೊಂದು ಮದ್ದು ಬೇಕಿಲ್ಲ. ಕೆಲಸ ನಡೆಯುತ್ತಿದ್ದಂತೆಯೇ ದ್ರಾವಣ ಹಳದಿಗೇರುತ್ತ ಹೋಗುತ್ತದೆ. ಯಂತ್ರ ಅದರ ಮೂಲಕ 405 ನ್ಯಾನೊಮೀಟರಿನ ನೇರಳೆ ಬೆಳಕನ್ನು ಹಾಯಿಸುತ್ತದೆ. ಹಳದಿ ಹೆಚ್ಚಿದಷ್ಟೂ ನೇರಳೆ ಮಂಕಾಗುತ್ತದೆ. ಮಂಕಾಗುವ ವೇಗವೇ ರಿಪೋರ್ಟಿನ ಸಂಖ್ಯೆ.

ಇಲ್ಲೊಂದು ತುಂಟತನವಿದೆ. ಕಾಮಾಲೆಯ ರೋಗಿಯ ಸೀರಂ, ಅಂದರೆ ರಕ್ತದ ತಿಳಿ, ಮೊದಲೇ ಹಳದಿ. ಹಳದಿಯಿಂದ ಹಳದಿಯನ್ನು ಅಳೆಯುವುದು ಹೇಗೆ? ಎಷ್ಟು ಹಳದಿಯಿದೆ ಎಂದು ನೋಡಿದರೆ ಮೋಸ ಹೋಗುತ್ತೇವೆ. ಪ್ರತಿ ನಿಮಿಷಕ್ಕೆ ಎಷ್ಟು ಹೆಚ್ಚಿತು ಎಂದು ನೋಡಿದರೆ ಹಳೆಯ ಹಳದಿ ಲೆಕ್ಕದಿಂದ ತಾನಾಗಿ ಕಳಚಿಬೀಳುತ್ತದೆ. ಬಿಲಿರುಬಿನ್ನಿನ ಬಣ್ಣ ನಿಂತ ನೀರು, ಕಿಣ್ವ ತರುವ ಬಣ್ಣ ಏರುವ ನೀರು. ಎಷ್ಟು ಸಣ್ಣ ಉಪಾಯ, ಎಷ್ಟು ಅಚ್ಚುಕಟ್ಟು!

ಹಳದಿ ಬರಿಸುವ ಈ ಸಂಯುಕ್ತವನ್ನು ಆಸ್ಪತ್ರೆಯ ವಾಡಿಕೆಗೆ ತಂದವರಲ್ಲಿ ಮುಖ್ಯರು ಬೆಸ್ಸಿ, ಲೌರಿ, ಬ್ರಾಕ್ ಎಂಬ ಮೂವರು ಅಮೆರಿಕನ್ನರು. 1946ರ ಅವರ ಲೇಖನದ ಹೆಗ್ಗಳಿಕೆ ಕೇವಲ 5 ಘನ ಮಿಲಿಮೀಟರ್ ಸೀರಂ ಸಾಕೆಂಬುದು. ಬೆರಳು ಚುಚ್ಚಿದರೆ ಬರುವ ರಕ್ತದಲ್ಲೇ ಮುಗಿಯುವ ಲೆಕ್ಕ. ಆಲಿವರ್ ಲೌರಿ ಆಮೇಲೆ 1951ರಲ್ಲಿ ಪ್ರೋಟೀನ್ ಅಳೆಯುವ ವಿಧಾನವೊಂದನ್ನು ಬರೆದರು. ಇಡೀ ವಿಜ್ಞಾನ ಸಾಹಿತ್ಯದಲ್ಲಿ ಅದರಷ್ಟು ಬಾರಿ ಉಲ್ಲೇಖಗೊಂಡ ಇನ್ನೊಂದು ಲೇಖನವಿಲ್ಲ. ಹನಿಯೊಳಗಿನ ಹನಿಯನ್ನು ಅಳೆಯುವ ಚಟ ಅವರಿಗೆ ಕಡೆಯವರೆಗೂ ಬಿಡಲಿಲ್ಲ. ಈ ಮೂವರ ವಿಧಾನಕ್ಕೆ ಮುಂಚೆ ಬೊಡಾನ್ಸ್ಕಿ ಯೂನಿಟ್ ಇತ್ತು, 1934ರಿಂದ ಕಿಂಗ್–ಆರ್ಮ್‌ಸ್ಟ್ರಾಂಗ್ ಯೂನಿಟ್ ಇತ್ತು. ನಮ್ಮ ಕಡೆಯ ಹಿರಿಯ ಡಾಕ್ಟರುಗಳು ಕೆ.ಎ. ಯೂನಿಟ್ ಎಂದು ನೆನೆಯುವುದು ಇದನ್ನೇ. ಆಗಿನ ಲೆಕ್ಕದಲ್ಲಿ 3ರಿಂದ 13 ಸಹಜ. ಈಗ ವಯಸ್ಕರಿಗೆ ಸುಮಾರು 40ರಿಂದ 130 ಎಂದು ಬರೆಯುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಒಂದಿಷ್ಟು ಆಚೀಚೆ. ಹಳೆಯ ಫೈಲಿನ 12ನ್ನೂ ಹೊಸ ಫೈಲಿನ 90ನ್ನೂ ಅಕ್ಕಪಕ್ಕ ಇಟ್ಟುಕೊಂಡು ಗಾಬರಿಯಾಗುವವರಿದ್ದಾರೆ. ಅಳತೆಗೋಲು ಬದಲಾಗಿದೆ, ಅಷ್ಟೇ.

ಕಿಣ್ವ ಮಾಡುವ ಕೆಲಸದ ಗಾತ್ರವನ್ನು ಇನ್ನೊಂದು ಕಡೆಯಿಂದಲೂ ಸವಿಯಬಹುದು. ಫಾಸ್ಫೇಟಿನ ಕೊಂಡಿ ಅಸಾಧ್ಯ ಗಟ್ಟಿ. ಉತ್ತರ ಕೆರೊಲಿನಾದ ರಿಚರ್ಡ್ ವೊಲ್ಫೆಂಡನ್ ಮತ್ತು ಜೊತೆಗಾರರು 2003ರಲ್ಲಿ ಲೆಕ್ಕ ಹಾಕಿದರು: ಸರಳವಾದೊಂದು ಫಾಸ್ಫೇಟ್ ಎಸ್ಟರನ್ನು ಕಿಣ್ವದ ನೆರವಿಲ್ಲದೆ, 25 ಡಿಗ್ರಿಯ ನೀರಿನಲ್ಲಿ ಬಿಟ್ಟರೆ ಅದರಲ್ಲಿ ಅರ್ಧ ಒಡೆಯಲು ಸುಮಾರು ಒಂದು ಲಕ್ಷ ಕೋಟಿ ವರ್ಷ ಬೇಕು. ಜಗತ್ತಿಗೇ ಇನ್ನೂ 1,380 ಕೋಟಿ ವರ್ಷ! ಲ್ಯಾಬಿನಲ್ಲಿ ಹಳದಿ ಬರಿಸುವ ಸಂಯುಕ್ತ ಇಷ್ಟೊಂದು ಹಟಮಾರಿಯಲ್ಲ. ಸುಲಭವಾಗಿ ಬಿಡಲೆಂದೇ ಆರಿಸಿದ್ದು. ಆದರೆ ದೇಹದೊಳಗೆ ಫಾಸ್ಫಟೇಸ್‌ಗಳು ಎದುರಿಸುವುದು ಇಂಥ ಗಟ್ಟಿ ಕೊಂಡಿಗಳನ್ನೇ. ಅವು ಸೆಕೆಂಡಿನೊಳಗೆ ಹಲವು ಬಾರಿ ಈ ಕೆಲಸ ಮುಗಿಸಿ ಮುಂದಿನದಕ್ಕೆ ಕೈಚಾಚುತ್ತವೆ. ಎಎಲ್‌ಪಿಯ ನಡುಮನೆಯಲ್ಲಿ ಎರಡು ಸತುವಿನ ಅಯಾನುಗಳು ಫಾಸ್ಫೇಟನ್ನು ಎರಡು ಕಡೆಯಿಂದ ಹಿಡಿಯುತ್ತವೆ, ಮೆಗ್ನೀಸಿಯಂ ಒಂದು ಬದಿಯಲ್ಲಿ ನೆರವಿಗಿರುತ್ತದೆ, ಸೆರೀನ್ ಎಂಬ ಅಮೈನೊ ಆಮ್ಲ ಫಾಸ್ಫೇಟನ್ನು ಗಳಿಗೆಮಟ್ಟಿಗೆ ತನ್ನ ಮೇಲೆ ಹೊತ್ತು ನೀರಿಗೆ ದಾಟಿಸುತ್ತದೆ.

ಸತುವಿನ ಈ ಕಥೆ ಗೊತ್ತಿದ್ದರೆ ರಕ್ತ ತೆಗೆಯುವವರ ಟ್ರೇಯೂ ಓದಬಲ್ಲ ಪುಟವಾಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಇರುತ್ತದೆ. ರಕ್ತಕಣ ಎಣಿಸಲು ಅದು ಬೇಕು. ಆದರೆ ಇಡಿಟಿಎ ಲೋಹಗಳನ್ನು ಕಚ್ಚಿ ಹಿಡಿಯುತ್ತದೆ. ಆ ಟ್ಯೂಬಿನ ರಕ್ತ ಒಂದಿಷ್ಟು ಇನ್ನೊಂದಕ್ಕೆ ಬೆರೆತರೂ ಸತುವೂ ಮೆಗ್ನೀಸಿಯಮ್ಮೂ ಕಳೆದುಹೋಗಿ ಎಎಲ್‌ಪಿ ಕುಸಿಯುತ್ತದೆ, ಜೊತೆಗೆ ಕ್ಯಾಲ್ಸಿಯಂ ಇಳಿದು ಪೊಟ್ಯಾಸಿಯಂ ಏರಿದಂತೆ ತೋರುತ್ತದೆ. ಈ ಮೂರನ್ನು ಒಟ್ಟಿಗೆ ಕಂಡ ಅನುಭವಿ ಟೆಕ್ನೀಷಿಯನ್ ರೋಗಿಯನ್ನು ಬಿಟ್ಟು ಟ್ಯೂಬನ್ನು ಅನುಮಾನಿಸುತ್ತಾರೆ.

ಇನ್ನು ಮೂಳೆಯ ಮಾತು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ರಾಬರ್ಟ್ ರಾಬಿಸನ್ನಿಗೆ ಮೊದಲು ಆಸಕ್ತಿ ಇದ್ದದ್ದು ಮೂಳೆಯಲ್ಲಲ್ಲ, ಯೀಸ್ಟಿನಲ್ಲಿ. ಹುದುಗುವ ಸಕ್ಕರೆಯಿಂದ ದೊರೆತ ಫಾಸ್ಫೇಟ್ ಸಂಯುಕ್ತವೊಂದರ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಕರಗುತ್ತದೆ. ಆದರೆ ಕ್ಯಾಲ್ಸಿಯಂ ಫಾಸ್ಫೇಟ್ ಕರಗುವುದಿಲ್ಲ. ಹಾಗಾದರೆ ಫಾಸ್ಫೇಟನ್ನು ಬಿಡಿಸಬಲ್ಲ ಯಾರಾದರೂ ಇದ್ದರೆ ತಿಳಿನೀರಿನಿಂದ ಸುಣ್ಣದ ಗಟ್ಟಿ ಕೆಳಗಿಳಿಯಬೇಕು. ಮೂಳೆ ಗಟ್ಟಿಯಾಗುವುದು ಹೀಗೆಯೇ ಇರಬಹುದೇ? ಎಳೆಯ ಇಲಿ, ಮೊಲಗಳ ಬೆಳೆಯುವ ಮೂಳೆಯನ್ನು ಆ ದ್ರಾವಣದಲ್ಲಿಟ್ಟು ನೋಡಿದ; ಇಳಿಯಿತು. 1923ರ ಆ ಲೇಖನದಿಂದ ಈ ಕಿಣ್ವಕ್ಕೂ ಎಲುಬಿಗೂ ನಂಟು ಬೆಸೆಯಿತು. ಯೀಸ್ಟಿನ ಮಡಕೆಯಿಂದ ಮೊಣಕಾಲಿಗೆ ಜಿಗಿದ ಆ ಯೋಚನೆಯ ಲಾಘವವೇ ನನಗೆ ಇಡೀ ಕಥೆಯಲ್ಲಿ ಅತಿ ಪ್ರಿಯ. ರಾಬಿಸನ್ ಹೇಳಿದ್ದು ಅರ್ಧ ಸರಿ. ಎಲುಬಿಗೆ ಖನಿಜ ಕೂಡದಂತೆ ತಡೆಯುವ ಪೈರೊಫಾಸ್ಫೇಟ್ ಎಂಬ ಕಾವಲುಗಾರನೊಬ್ಬ ಇದ್ದಾನೆಂದು 1960ರ ದಶಕದಲ್ಲಿ ತಿಳಿಯಿತು. ಎಎಲ್‌ಪಿಯ ಮುಖ್ಯ ಕೆಲಸ ಇಟ್ಟಿಗೆ ಒದಗಿಸುವುದಕ್ಕಿಂತ ಆ ಕಾವಲುಗಾರನನ್ನು ಒಡೆದು ದಾರಿ ಬಿಡಿಸುವುದು.

ರಾಬಿಸನ್ ಮೂಳೆಯಲ್ಲಿ ಕಂಡದ್ದನ್ನು ರೋಗಿಯ ರಕ್ತದಲ್ಲಿ ಹುಡುಕಿದವನು ಹರ್ಬರ್ಟ್ ಡೇವನ್‌ಪೋರ್ಟ್ ಕೇ. ಪ್ಯಾಜೆಟ್ಸ್ ರೋಗ, ರಿಕೆಟ್ಸ್ ಮುಂತಾದ ಮೂಳೆಯ ಕಾಯಿಲೆಗಳಲ್ಲಿ ರಕ್ತದ ಫಾಸ್ಫಟೇಸ್ ಏರುತ್ತದೆಂದು ಅವನು 1929ರಿಂದ ಬರೆಯತೊಡಗಿದ. ಮುಂದೆ ಅವನು ಆಸ್ಪತ್ರೆಯ ಲೋಕ ಬಿಟ್ಟು ಇಂಗ್ಲೆಂಡಿನ ರೆಡಿಂಗ್ ಬಳಿಯ ಹೈನು ಸಂಶೋಧನಾ ಸಂಸ್ಥೆಯ ನಿರ್ದೇಶಕನಾದ. ಹಸುವಿನ ಹಾಲಿನಲ್ಲಿ ನೋಡಿದರೆ ಅಲ್ಲೂ ಇದೇ ಕಿಣ್ವ! ಕ್ಷಯದ ರೋಗಾಣು ಸಾಯುವ ಬಿಸಿಗಿಂತ ಕೊಂಚ ಹೆಚ್ಚಿನ ಬಿಸಿಗೆ ಈ ಕಿಣ್ವ ಸಾಯುತ್ತದೆ. ಎಂದಮೇಲೆ ಹಾಲಿನಲ್ಲಿ ಫಾಸ್ಫಟೇಸ್ ಸತ್ತಿದ್ದರೆ ರೋಗಾಣುವೂ ಸತ್ತಿದೆ. 1933ರಲ್ಲಿ ಕೇ ಮತ್ತು ಗ್ರಹಾಂ ಇದನ್ನು ಪರೀಕ್ಷೆಯಾಗಿಸಿದರು. ಇಂದಿಗೂ ನಮ್ಮ ಡೇರಿಗಳ ಲ್ಯಾಬುಗಳಲ್ಲಿ ಪಾಶ್ಚರೀಕರಣ ಸರಿಯಾಯಿತೇ ಎಂದು ನೋಡಲು ಫಾಸ್ಫಟೇಸ್ ಟೆಸ್ಟ್ ಮಾಡುತ್ತಾರೆ. ಅಲ್ಲಿ ಮಾತ್ರ ರಸ ತಲೆಕೆಳಗು: ಹಳದಿ ಬಾರದೆ ಇದ್ದರೆ ಸಂತೋಷ.

ಲಿವರ್ ಈ ಕಥೆಗೆ ಬಂದದ್ದು ಡಾ. ಡಬ್ಲ್ಯೂ.ಎಂ. ರಾಬರ್ಟ್ಸ್‌ನಿಂದ, 1930ರ ಸುಮಾರಿಗೆ. ಪಿತ್ತನಾಳಕ್ಕೆ ಕಲ್ಲೋ ಗೆಡ್ಡೆಯೋ ಅಡ್ಡ ಬಂದು ಆದ ಕಾಮಾಲೆಯಲ್ಲಿ ಎಎಲ್‌ಪಿ ಮುಗಿಲಿಗೇರುತ್ತದೆ, ಲಿವರ್ ಉರಿದು ಆದ ಕಾಮಾಲೆಯಲ್ಲಿ ಅಷ್ಟಾಗಿ ಏರದು ಎಂದು ಅವನು ಗಮನಿಸಿದ. ಸ್ಕ್ಯಾನಿಂಗ್ ಎಂಬ ಮಾತೇ ಇಲ್ಲದ ಕಾಲ. ಚಾಕುವಿನಿಂದ ಗುಣವಾಗುವ ಕಾಮಾಲೆ ಯಾವುದು, ಚಾಕು ಇಟ್ಟರೆ ಪ್ರಾಣಕ್ಕೇ ಕುತ್ತಾಗುವ ಕಾಮಾಲೆ ಯಾವುದು ಎಂದು ಹೊರಗಿನಿಂದ ಹೇಳುವ ದಾರಿ ಅಪರೂಪವಾಗಿತ್ತು. ಒಂದು ಕಿಣ್ವದ ದುಡಿಮೆ ಆ ಮಾತನ್ನು ಹೇಳಲಾರಂಭಿಸಿತು.

ಏಕೆ ಏರುತ್ತದೆ ಎಂಬುದಕ್ಕೆ ಮಾತ್ರ ದಶಕಗಟ್ಟಲೆ ತಪ್ಪು ಉತ್ತರವಿತ್ತು. ಮೂಳೆಯ ಕಿಣ್ವ ಪಿತ್ತದ ಮೂಲಕ ಹೊರಹೋಗುತ್ತದೆ, ಕೊಳವೆ ಕಟ್ಟಿದರೆ ಹಿಂದಕ್ಕೆ ರಕ್ತಕ್ಕೆ ಉಕ್ಕುತ್ತದೆ ಎಂಬ ವಿವರಣೆ ಕೇಳಲು ಬಲು ಚೆಂದ. 1970ರಲ್ಲಿ ಕಪ್ಲಾನ್ ಮತ್ತು ರಿಗೆಟ್ಟಿ ಇಲಿಗಳ ಪಿತ್ತನಾಳ ಕಟ್ಟಿ ನೋಡಿದರು. ಲಿವರ್‌ನೊಳಗೇ ಕಿಣ್ವ ಹೆಚ್ಚಿತು. ಪ್ರೋಟೀನ್ ತಯಾರಿಯನ್ನು ತಡೆಯುವ ಮದ್ದು ಕೊಟ್ಟಾಗ ಆ ಏರಿಕೆ ನಿಂತಿತು. ಅಂದರೆ ಉಕ್ಕಿ ಬಂದದ್ದು ಹಳೆಯ ಸರಕಲ್ಲ. ಪಿತ್ತ ನಿಂತಾಗ ಲಿವರ್‌ನ ಕೋಶಗಳು ಪಿತ್ತದ ಸಣ್ಣ ಕಾಲುವೆಗಳ ಗೋಡೆಗೆ ಹೊಸದಾಗಿ ಈ ಕಿಣ್ವವನ್ನು ಮಾಡಿ ಕೂರಿಸುತ್ತಿದ್ದವು. ಆದ್ದರಿಂದಲೇ ನಾಳಕ್ಕೆ ಕಲ್ಲು ಸಿಕ್ಕಿಕೊಂಡ ಮೊದಮೊದಲ ಗಂಟೆಗಳಲ್ಲಿ ಎಎಲ್‌ಪಿ ಸುಮ್ಮನಿದ್ದು ಆಮೇಲೆ ಏರುವುದುಂಟು. ಕಾರ್ಖಾನೆಗೆ ಆರ್ಡರ್ ಮುಟ್ಟಲು ಹೊತ್ತು ಬೇಕಷ್ಟೆ.

ಈಗ ತೊಡಕು. ಒಂದೇ ಸಂಖ್ಯೆ, ಎರಡು ಮನೆ. ಏರಿದ ಎಎಲ್‌ಪಿ ಎಲುಬಿನದೋ ಲಿವರಿನದೋ? ಎರಡೂ ಒಂದೇ ಜೀನಿನ ಮಕ್ಕಳು. ಅಮೈನೊ ಆಮ್ಲಗಳ ಸರಪಳಿಯಲ್ಲಿ ಭೇದವಿಲ್ಲ. ಮೇಲೆ ತೊಟ್ಟ ಸಕ್ಕರೆಯ ಆಭರಣದಲ್ಲಷ್ಟೇ ವ್ಯತ್ಯಾಸ. ಆ ವ್ಯತ್ಯಾಸವನ್ನು ಹಿಡಿಯಲು ಹಳಬರು ಸೀರಮ್ಮನ್ನು 56 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸುತ್ತಿದ್ದರು. ಎಲುಬಿನ ಕಿಣ್ವ ಬಹುಪಾಲು ಸುಟ್ಟುಹೋಗುತ್ತದೆ, ಲಿವರಿನದು ಒಂದಷ್ಟು ತಾಳಿಕೊಳ್ಳುತ್ತದೆ. ಗರ್ಭದ ಮಾಸಿನಿಂದ ಬರುವ ಮೂರನೆಯ ಬಗೆಯೊಂದಿದೆ. ಅದರ ಜೀನೇ ಬೇರೆ, 65 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ ಜಗ್ಗದು. ಈಗ ಕಾಯಿಸುವ ತಾಪತ್ರಯ ಯಾರಿಗೂ ಬೇಡವಾಗಿದೆ. ಜಿಜಿಟಿ ಎಂಬ ಇನ್ನೊಂದು ಕಿಣ್ವವನ್ನು ನೋಡುತ್ತಾರೆ. ಅದು ಲಿವರ್ ಕೆಟ್ಟರೆ ಏರುತ್ತದೆ, ಎಲುಬಿಗೆ ಸೊಪ್ಪು ಹಾಕುವುದಿಲ್ಲ. ಎರಡೂ ಏರಿದ್ದರೆ ಲಿವರಿನ ಕಡೆ, ಎಎಲ್‌ಪಿ ಒಂಟಿಯಾಗಿ ಏರಿದ್ದರೆ ಎಲುಬಿನ ಕಡೆ ಹೆಜ್ಜೆ. ಕೆಲಸಕ್ಕೆ ಬರುವ ಉಪಾಯ, ಒಪ್ಪಿದೆ. ಆದರೂ ಆ ಬಿಸಿನೀರಿನ ಪರೀಕ್ಷೆಯಲ್ಲಿದ್ದ ಕಳೆ ಇದರಲ್ಲಿಲ್ಲ ಎನ್ನುವ ಪಕ್ಷ ನನ್ನದು.

ಎಲುಬಿನ ಕಡೆಯ ಏರಿಕೆಯಲ್ಲಿ ಎಷ್ಟೋ ಸಲ ಕಾಯಿಲೆಯೇ ಇರುವುದಿಲ್ಲ. ಹದಿಮೂರು ಹದಿನಾಲ್ಕರ ಹುಡುಗನ ಎಎಲ್‌ಪಿ ಅವನ ಅಪ್ಪನದರ ಮೂರು ಪಟ್ಟು ಇರಬಹುದು. ಪ್ಯಾಂಟು ಗಿಡ್ಡವಾಗುತ್ತಿರುವ ಸುದ್ದಿ ರಕ್ತದಲ್ಲೂ ಅಚ್ಚಾಗಿದೆ ಎಂದು ತಿಳಿಯಬೇಕು. ಮುರಿದ ಕಾಲು ಕೂಡಿಕೊಳ್ಳುವಾಗ ಒಂದಿಷ್ಟು ಏರುತ್ತದೆ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳಲ್ಲಿ ಮಾಸು ತನ್ನ ಪಾಲು ಸೇರಿಸುತ್ತದೆ, ಹೆರಿಗೆಯಾದ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಕರಗುವ–ಕಟ್ಟುವ ವ್ಯವಹಾರ ಬಿರುಸಾಗಿ ಮತ್ತೆ ಕೊಂಚ ಏರುತ್ತದೆ. ಎಲ್ಲಕ್ಕಿಂತ ವಿಚಿತ್ರ ಐದು ವರ್ಷದೊಳಗಿನ ಕೆಲವು ಮಕ್ಕಳದು: ಸಾವಿರಗಳ ಲೆಕ್ಕದಲ್ಲಿ ಏರಿ, ಲಿವರೂ ಸರಿ ಎಲುಬೂ ಸರಿ ಎನ್ನುವಂತಿದ್ದು, ವಾರಗಳೋ ತಿಂಗಳುಗಳೋ ಕಳೆದಂತೆ ತಾನೇ ಇಳಿದುಹೋಗುತ್ತದೆ. ಔಷಧ ಬೇಡ, ಅಪ್ಪ ಅಮ್ಮನಿಗೆ ಧೈರ್ಯ ಹೇಳುವುದೇ ಚಿಕಿತ್ಸೆ. ಆದರೆ ಬಿಸಿಲು ಕಾಣದವರ ಡಿ ವಿಟಮಿನ್ ಕೊರತೆಯಲ್ಲಿ, ಪಾವಗಡ, ಬಾಗೇಪಲ್ಲಿಯಂಥ ಕಡೆ ಫ್ಲೋರೈಡ್ ನೀರು ಕುಡಿದು ಬಿಗಿಯುವ ಬೆನ್ನುಗಳಲ್ಲಿ ಏರುವ ಎಎಲ್‌ಪಿಯನ್ನು ಹೀಗೆ ಸುಮ್ಮನೆ ಬಿಡಲಾಗದು.

ಊಟದ ಮಾತನ್ನು ಮರೆತರೆ ರಸಾಸ್ವಾದ ಅಪೂರ್ಣ. ಕರುಳಿಗೂ ತನ್ನದೇ ಎಎಲ್‌ಪಿ ಇದೆ. ತುಪ್ಪ ಎಣ್ಣೆ ಗಡದ್ದಾಗಿ ಬಿದ್ದ ಊಟವಾದ ಮೇಲೆ ಅದು ರಕ್ತಕ್ಕೆ ಇಣುಕುತ್ತದೆ, ಅದೂ ಎಲ್ಲರಲ್ಲಿ ಅಲ್ಲ. ಒ ಅಥವಾ ಬಿ ಗುಂಪಿನ ರಕ್ತದವರಲ್ಲಿ, ಅವರಲ್ಲೂ ಗುಂಪಿನ ಗುರುತನ್ನು ಜೊಲ್ಲಿನಲ್ಲಿ ಸ್ರವಿಸುವವರಲ್ಲಿ ಇದು ಎದ್ದು ಕಾಣುತ್ತದೆ. ಮದುವೆಮನೆಯಿಂದ ಎದ್ದು ಲ್ಯಾಬಿಗೆ ಹೋದ ಇಬ್ಬರು ಗೆಳೆಯರಲ್ಲಿ ಒಬ್ಬನ ಸಂಖ್ಯೆ ಮಾತ್ರ ಮೇಲಿದ್ದರೆ ಹೋಳಿಗೆಯ ತುಪ್ಪವನ್ನೂ ಅವನ ರಕ್ತದ ಗುಂಪನ್ನೂ ಒಟ್ಟಿಗೆ ವಿಚಾರಿಸಬೇಕು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಏರಿಕೆಯ ಬಗ್ಗೆ ಇಷ್ಟೆಲ್ಲ ಹೇಳಿದೆ. ಇಳಿಕೆಯನ್ನು ಯಾರೂ ನೋಡುವುದಿಲ್ಲ. ಹೆಚ್ಚಾದದ್ದು ದಪ್ಪಕ್ಷರದಲ್ಲಿ ಬಂದರೆ ಕಣ್ಣು ನೆಡುತ್ತದೆ, ಕಡಿಮೆಯಾದರೆ ಒಳ್ಳೆಯದೇ ಆಯಿತೆಂದು ಪುಟ ತಿರುವುತ್ತಾರೆ. ಕೆನಡಾದ ಮಕ್ಕಳ ವೈದ್ಯ ರಾತ್‌ಬನ್ 1948ರಲ್ಲಿ ಹಾಗೆ ತಿರುವಲಿಲ್ಲ. ರಿಕೆಟ್ಸ್‌ನಂತೆಯೇ ಮೂಳೆ ಮೆತ್ತಗಾಗಿ ತೀರಿಕೊಂಡ ಕೂಸಿನ ಎಎಲ್‌ಪಿ ಏರಬೇಕಾದಲ್ಲಿ ನೆಲಕಚ್ಚಿತ್ತು. ಅದಕ್ಕೆ ಹೈಪೊಫಾಸ್ಫಟೇಸಿಯಾ ಎಂದು ಹೆಸರಾಯಿತು. ಜೀನಿನ ದೋಷದಿಂದ ಕಿಣ್ವ ದುಡಿಯುವುದಿಲ್ಲ, ಪೈರೊಫಾಸ್ಫೇಟ್ ಎಂಬ ಕಾವಲುಗಾರ ಬಾಗಿಲು ಬಿಡುವುದಿಲ್ಲ, ಎಲುಬಿಗೆ ಸುಣ್ಣ ಕೂಡುವುದಿಲ್ಲ. ಸೌಮ್ಯ ರೂಪದಲ್ಲಿ ಮಗುವಿನ ಹಾಲುಹಲ್ಲು ಹೊತ್ತಿಗೆ ಮುಂಚೆಯೇ, ಬೇರು ಸಮೇತ ಬಿದ್ದುಹೋಗುವುದೊಂದೇ ಸುಳಿವಾಗಿರಬಹುದು. ರಾಬಿಸನ್ನಿನ ಊಹೆಗೆ ಪ್ರಕೃತಿಯೇ ಮಾಡಿಟ್ಟ ಕ್ರೂರ ಪುರಾವೆ ಇದು: ಕಿಣ್ವವಿಲ್ಲದೆ ಎಲುಬಿಲ್ಲ.

ಹೈಪೊಫಾಸ್ಫಟೇಸಿಯಾಗೆ 2015ರಲ್ಲಿ ಔಷಧ ಬಂತು, ಆಸ್ಫೋಟೇಸ್ ಆಲ್ಫಾ. ಅದು ಬೇರೇನೂ ಅಲ್ಲ, ಇದೇ ಕಿಣ್ವ. ಅದರ ತುದಿಗೆ ಹತ್ತು ಆಸ್ಪಾರ್ಟಿಕ್ ಆಮ್ಲಗಳ ಬಾಲವೊಂದನ್ನು ಕಟ್ಟಿದ್ದಾರೆ. ಆ ಬಾಲ ಎಲುಬಿನ ಖನಿಜಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಅದನ್ನು ಚುಚ್ಚಿಸಿಕೊಂಡವರ ಎಎಲ್‌ಪಿ ಸಾವಿರಗಳಿಗೆ ಹಾರುತ್ತದೆ, ಆ ಸಂಖ್ಯೆಗೆ ಆಮೇಲೆ ಅರ್ಥವಿಲ್ಲ. ಗೋಜಲು ಅಲ್ಲಿಗೂ ಮುಗಿಯದು. ಬಣ್ಣವೋ ಬೆಳಕೋ ಹುಟ್ಟಿಸುವುದರಲ್ಲಿ ಈ ಕಿಣ್ವ ಎಷ್ಟು ಪಳಗಿದೆಯೆಂದರೆ, ಬೇರೆ ಹಾರ್ಮೋನುಗಳನ್ನು ಅಳೆಯುವ ಹಲವು ಕಿಟ್‌ಗಳಲ್ಲಿ ಲ್ಯಾಬುಗಳು ಇದನ್ನೇ ಗುರುತುಪಟ್ಟಿಯಾಗಿ ಅಂಟಿಸಿಕೊಂಡಿವೆ. ಹೊರಗಿನಿಂದ ಬಂದ ಕಿಣ್ವ ರೋಗಿಯ ರಕ್ತದಲ್ಲಿ ತುಂಬಿದ್ದರೆ ಆ ಕಿಟ್‌ಗಳ ಲೆಕ್ಕ ತಪ್ಪುತ್ತದೆ. ಅಂಥವರ ಥೈರಾಯ್ಡ್ ರಿಪೋರ್ಟನ್ನು ಓದುವ ಮುನ್ನ, ಅಳೆದ ಯಂತ್ರ ಯಾವ ಕಿಣ್ವದಿಂದ ಬೆಳಗುತ್ತದೆ ಎಂದು ವೈದ್ಯರು ಲ್ಯಾಬಿಗೆ ಫೋನು ಮಾಡಿ ಕೇಳಬೇಕಾಗುತ್ತದೆ.